ಎಡಗಡೆಯಿಂದ ಬಂದ ತಾಂಬೂಲ

ನನ್ನ ಮೈದುನ ಇಂದ್ರೇಶನನ್ನು ಹೊಸದಾಗಿ ಕಂಡವರು ಮೊದಲು ಕೇಳುವುದು ಒಂದೇ ಮಾತು, ಎಷ್ಟಡಿ ಇದ್ದೀರಿ ಅಂತ. ಮನುಷ್ಯರನ್ನು ಕಂಡರೆ ಊಟ ಆಯ್ತಾ ಎಂದು ಕೇಳುವುದು ನಮ್ಮ ಕಡೆಯ ಮರ್ಯಾದೆ. ಇವನನ್ನು ಕಂಡರೆ ಮಾತ್ರ ಸೈಟು ಕೊಳ್ಳಲು ಬಂದವರ ಹಾಗೆ ಅಡಿ ಲೆಕ್ಕಕ್ಕೆ ನಿಂತುಬಿಡುತ್ತಾರೆ. ಅವನೇನೋ ನಗುತ್ತ ಏಳಡಿಗೆ ಎರಡು ಬೆರಳು ಕಮ್ಮಿ ಎನ್ನುತ್ತಾನೆ. ನಾನಾಗಿದ್ದರೆ ನಿಮ್ಮ ಮನೆ ಪಾಯ ಎಷ್ಟಡಿ ಎಂದು ತಿರುಗಿ ಕೇಳುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ಗಂಡಸಿ ಹೋಬಳಿಯಲ್ಲಿ ಪುಷ್ಪಲತಾ ಬಂದಳು ಎಂದರೆ ಬಾಗಿಲು ಹಾಕಿಕೊಳ್ಳುವವರಿದ್ದಾರೆ, ಹಾಕಿಕೊಳ್ಳಲಿ. ಈ ಹುಡುಗನ ಕಥೆಯನ್ನು ಬೇರೆ ಯಾರಿಗಾದರೂ ಬಿಟ್ಟರೆ ಬರೀ ಎತ್ತರ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ನಾನು ಈ ಮನೆಗೆ ಹಿರಿಸೊಸೆಯಾಗಿ ಬಂದಾಗ ಇಂದ್ರೇಶ ಏಳನೇ ಕ್ಲಾಸು, ನನ್ನ ಭುಜದವರೆಗೆ ಬರುತ್ತಿದ್ದ. ಮಾರನೇ ವರ್ಷದ ಯುಗಾದಿ ಕಳೆದು ಇನ್ನೊಂದು ಯುಗಾದಿ ಬರುವ ಹೊತ್ತಿಗೆ ನಾನು ಅವನ ಭುಜಕ್ಕೆ ಬರುತ್ತಿದ್ದೆ. ನನ್ನ ಗಂಡ ಶಶಿಧರ್ ಸಾಧಾರಣ ಆಳು, ಮಾವ ಜಯದೇವಪ್ಪನವರು ಇನ್ನೂ ಒಂದು ಗೇಣು ಕುಳ್ಳು. ಆದರೂ ಮಾವ ಬಂದವರಿಗೆಲ್ಲ ಇದು ನಮ್ಮಪ್ಪನ ಗಾತ್ರ ಎಂದು ಹೇಳಿಕೊಂಡು ಮೀಸೆ ತಿರುವುತ್ತಿದ್ದರು. ಅತ್ತೆ ಮಹದೇವಮ್ಮನವರಿಗೆ ದೃಷ್ಟಿಯ ಭಯ. ಅಮಾವಾಸ್ಯೆ ಅಮಾವಾಸ್ಯೆಗೆ ಮಗನನ್ನು ಕೂರಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ನಿಂತರೆ ಅವರ ಕೈ ಅವನ ತಲೆಗೆ ಎಟುಕುತ್ತಿರಲಿಲ್ಲ. ಬೆಳೆಯುವ ಹುಡುಗ, ಮುದ್ದೆ ತಿಂದ ಮೈ, ಬೆಳೆಯಲಿ ಬಿಡಿ ಎಂದು ಊರೂ ಹೇಳಿತು. ಮಗ ಬೆಳೆಯುತ್ತಿದ್ದಾನೆ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಕಾಲೇಜಿಗೆ ಹೋಗುವ ಹೊತ್ತಿಗೆ ನಡುಮನೆಯ ಬಾಗಿಲು ಅವನ ಹಣೆಗೆ ಬಡಿಯತೊಡಗಿತು. ಹಳೇ ಮನೆ, ತಗ್ಗು ಬಾಗಿಲು. ನಾನೇ ಗೋಣಿಚೀಲ ಮಡಚಿ ಬಾಗಿಲ ಮೇಲ್ಪಟ್ಟಿಗೆ ಸುತ್ತಿ ಕಟ್ಟಿದೆ. ತಲೆನೋವು ಎಂದು ಅವನು ಆಗಾಗ ಹಣೆ ಹಿಡಿದು ಕೂರುತ್ತಿದ್ದ. ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ತಲೆ ಹೊಡೆದುಕೊಳ್ಳುವವನಿಗೆ ತಲೆನೋವು ಬರದೆ ಇನ್ನೇನು ಬರುತ್ತದೆ ಎಂದುಕೊಂಡು ನಾವೆಲ್ಲ ಮುಲಾಮು ಹಚ್ಚಿದೆವು. ಅರಸೀಕೆರೆಯ ಅಂಗಡಿಗಳಲ್ಲಿ ಅವನ ಕಾಲಿಗೆ ಚಪ್ಪಲಿ ಸಿಗುತ್ತಿರಲಿಲ್ಲ. ಅಳತೆ ಕೊಟ್ಟು ಹೊಲಿಸಿದ್ದೂ ವರ್ಷ ತುಂಬುವುದರೊಳಗೆ ಬಿಗಿಯಾಗುತ್ತಿತ್ತು. ಮಂಚ ಸಾಲದೆ ಎರಡು ಬೆಂಚು ಜೋಡಿಸಿ ಮಲಗುತ್ತಿದ್ದ. ಬಸ್ಸಿನಲ್ಲಿ ನೆಟ್ಟಗೆ ನಿಲ್ಲಲಾಗದೆ ಕತ್ತು ಬಗ್ಗಿಸಿಕೊಂಡೇ ಗಂಡಸಿಯಿಂದ ಅರಸೀಕೆರೆಯವರೆಗೆ ಹೋಗಿ ಡಿಗ್ರಿ ಮುಗಿಸಿದ. ಒಂದು ದಿನವೂ ಗೊಣಗಲಿಲ್ಲ.

ಕಾಲೇಜಿನಿಂದ ಬೇಲೂರು ಹಳೇಬೀಡಿಗೆ ಟೂರ್ ಹೋಗಿದ್ದರು. ಹಳೇಬೀಡಿನಲ್ಲಿ ಪ್ರವಾಸಿಗರು ಗೋಡೆ ಮೇಲಿನ ಶಿಲ್ಪ ಬಿಟ್ಟು ಇವನ ಪಕ್ಕ ಸಾಲು ನಿಂತು ಫೋಟೋ ತೆಗೆಸಿಕೊಂಡರಂತೆ. ಮನೆಗೆ ಬಂದವನು ಮುಖ ಸಣ್ಣಗೆ ಮಾಡಿಕೊಂಡು, ಅಷ್ಟು ಕಷ್ಟಪಟ್ಟು ಕೆತ್ತಿದವರು ನೋಡಿದ್ದರೆ ಏನಂದುಕೊಳ್ಳುತ್ತಿದ್ದರು ಅತ್ತಿಗೆ ಎಂದ. ತನಗಾದ ಮುಜುಗರ ಬಿಟ್ಟು, ಯಾವ ಕಾಲದಲ್ಲೋ ಸತ್ತುಹೋದ ಕಲ್ಲುಕುಟಿಗರ ಪರವಾಗಿ ಬೇಜಾರು ಮಾಡಿಕೊಳ್ಳುವ ಹುಡುಗ ಅವನು.

ಆಮೇಲೆ ತೋಟವೇ ಅವನ ಕೆಲಸವಾಯಿತು. ತೋಟಕ್ಕಿಂತ ಹೆಚ್ಚಾಗಿ ಊರು ಅವನ ಕೆಲಸವಾಯಿತು ಎನ್ನಬೇಕು. ಮಠದ ದೀಪ ಕೆಟ್ಟರೆ ಇಂದ್ರೇಶ. ಯಾರದೋ ಮಾಡಿನ ಹೆಂಚು ಜರುಗಿದರೆ ಇಂದ್ರೇಶ. ಹತ್ತು ಮನೆಯ ಮದುವೆಗೆ ಏಣಿ ಇಲ್ಲದೆ ಚಪ್ಪರ ಹಾಕಿ, ಸೋಗೆ ಹೊದಿಸಿ, ಮಾವಿನ ತೋರಣ ಕಟ್ಟಿದವನು ಇಂದ್ರೇಶ. ಅದರಲ್ಲೂ ನನಗೆ ಮೆಚ್ಚುಗೆಯಾದದ್ದು ಇನ್ನೊಂದು. ಅವನು ನಿಂತುಕೊಂಡು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಕುಳ್ಳಿ ಮುದುಕಿ ಬಂದರೂ ಸರಿ, ಸ್ಕೂಲು ಮಕ್ಕಳು ಬಂದರೂ ಸರಿ, ಕುಕ್ಕರುಗಾಲಲ್ಲಿ ಕೂತು ಮುಖಕ್ಕೆ ಮುಖ ಸಮ ಮಾಡಿಕೊಂಡು ಮಾತಾಡುತ್ತಿದ್ದ. ಏಳುವಾಗ ಮಂಡಿ ಹಿಡಿದುಕೊಂಡು ಏಳುತ್ತಿದ್ದುದನ್ನು ನಾನೊಬ್ಬಳು ನೋಡಿದ್ದೇನೆ.

ಊರಿನ ಚಪ್ಪರವೆಲ್ಲ ಅವನ ಕೈಯದು, ಅವನಿಗೊಂದು ಹೆಣ್ಣು ಕೊಡುವವರಿಲ್ಲ. ಹುಡುಗ ಚಿನ್ನದಂಥವನು, ಆದರೆ ನಮ್ಮ ಮಗಳು ಏಣಿ ಹಾಕಿಕೊಂಡು ಸಂಸಾರ ಮಾಡಬೇಕಾ ಎಂದು ಒಬ್ಬಳು ನನ್ನೆದುರಿಗೇ ನಕ್ಕಳು. ನಿನ್ನ ಮಗಳಿಗೆ ಏಣಿ ಹತ್ತಿದರೂ ಅಂಥವನು ಎಟುಕುವುದಿಲ್ಲ ಎಂದು ಹೇಳಿ ಬಂದೆ. ಅವಳು ಇವತ್ತಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನನಗೇನೂ ನಷ್ಟವಿಲ್ಲ.

ಹಾರನಹಳ್ಳಿಯ ನೆಂಟರ ಮನೆಯಲ್ಲಿ ಮದುವೆ. ಇಂದ್ರೇಶ ಚಪ್ಪರಕ್ಕೆ ತೋರಣ ಕಟ್ಟುತ್ತಿದ್ದ. ಕೆಳಗೆ ಮಾವಿನ ಸೊಪ್ಪು ಎತ್ತಿ ಕೊಡುತ್ತಿದ್ದವಳು ಪ್ರತಿಮಾ, ಆ ಊರಿನ ಸಹಕಾರ ಸಂಘದಲ್ಲಿ ಕೆಲಸ ಮಾಡುವ ಹುಡುಗಿ. ಎಲ್ಲರ ಹಾಗೆ ಎಷ್ಟಡಿ ಎಂದು ಅವಳು ಕೇಳಲಿಲ್ಲ. ಮೇಲೆ ಗಾಳಿ ಹೆಂಗೈತ್ರೀ ಎಂದು ಕೇಳಿದಳಂತೆ. ಅದನ್ನು ನನಗೆ ಹೇಳುವಾಗ ಇವನ ಕಿವಿ ಕೆಂಪಗಾಗಿತ್ತು. ಮುಂದಿನದು ಬೇಗ ನಡೆಯಿತು. ನಾಲ್ಕು ತಿಂಗಳಲ್ಲಿ ಹುಡುಗಿಯೇ ಅಪ್ಪನ ಮುಂದೆ ನಿಂತು ಇವನನ್ನೇ ಮಾಡಿಕೊಳ್ಳುತ್ತೇನೆ ಎಂದಳು.

ಅಪ್ಪ ಷಡಕ್ಷರಪ್ಪನವರು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ಮಠಕ್ಕೆ ನಡೆದುಕೊಳ್ಳುವ ಮನೆತನ. ಆಳು ಕುಳ್ಳು, ಪದ್ಧತಿಯಲ್ಲಿ ಮಾತ್ರ ಒಂದು ಕೂದಲೆಳೆಯಷ್ಟೂ ಬಗ್ಗುವವರಲ್ಲ. ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುವುದನ್ನು ಕಿವಿಗಿಟ್ಟು ಕೇಳದೆ ಅವರು ರೇಟು ಹೇಳಿದ್ದೇ ಇಲ್ಲ. ಮಗಳ ಮಾತಿಗೂ ಹಾಗೇ ಎಂಟು ದಿನ ಕಿವಿಗೊಟ್ಟು ಕೇಳಿ, ಆಮೇಲೆ ಒಪ್ಪಿದರು. ನಮ್ಮತ್ತೆ ಮನೆದೇವರಿಗೆ ತುಪ್ಪದ ದೀಪ ಹಚ್ಚಿದರು.

ಅಷ್ಟರಲ್ಲಿ ಊರಿನಲ್ಲಿ ಒಂದು ಮಾತು ಹಬ್ಬುತ್ತಿತ್ತು. ಇಂದ್ರೇಶನಿಗೆ ಸೊಕ್ಕು ಬಂದಿದೆ, ಕಣ್ಣು ನೆತ್ತಿಗೇರಿದೆ ಅಂತ. ನಮ್ಮಲ್ಲಿ ಹಿರಿಯರು ತಾವಾಗಿ ಕರೆದು ಮಾತಾಡಿಸುವುದಿಲ್ಲ. ಜಗುಲಿಯ ಮೇಲೆ ಕೂತಿರುತ್ತಾರೆ. ದಾರಿಯಲ್ಲಿ ಹೋಗುವ ಕಿರಿಯರು ತಾವೇ ಕಂಡು ಶರಣು ಎನ್ನಬೇಕು, ಆಗ ಹಿರಿಯರು ತಲೆಯಾಡಿಸುತ್ತಾರೆ. ಮೊದಲೆಲ್ಲ ಪ್ರತಿ ಜಗುಲಿಗೂ ಶರಣು ಹೇಳಿಕೊಂಡು ಹೋಗುತ್ತಿದ್ದ ಹುಡುಗ, ಈಗ ನೆಟ್ಟಗೆ ಮುಂದೆ ನೋಡಿಕೊಂಡು ಹೊರಟುಹೋಗುತ್ತಾನಂತೆ. ಅಂಗಡಿ ಮುಂದೆ ಪಕ್ಕದಲ್ಲೇ ನಿಂತ ಹಿರಿಯರಿಗೆ ಭುಜ ತಾಗಿಸಿದನಂತೆ. ನಮ್ಮ ಮಾವನವರ ಕಿವಿಗೂ ಬಿತ್ತು, ಮಗನನ್ನು ಕೂರಿಸಿ ಬೈದರು. ಅವನು, ನಾನು ಯಾರನ್ನೂ ನೋಡಲಿಲ್ಲಪ್ಪ ಎಂದ. ಅದನ್ನೇ ಅಲ್ಲವೇನೋ ಊರು ಹೇಳುತ್ತಿರುವುದು ಎಂದು ಮಾವ ಇನ್ನೂ ಜೋರು ಮಾಡಿದರು.

ವೀಳ್ಯದ ಶಾಸ್ತ್ರಕ್ಕೆ ಹಾರನಹಳ್ಳಿಗೆ ಹೋದೆವು. ನಡುಮನೆಯಲ್ಲಿ ಜಮಖಾನ ಹಾಸಿ ಇಂದ್ರೇಶನನ್ನು ಕೂರಿಸಿದರು. ಎದುರಿಗೆ ಫೋಟೋದವನು. ಎಡಗಡೆ ಷಡಕ್ಷರಪ್ಪನವರು ಬಂದು ಕೂತರು, ಎರಡೂ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಕಾಯಿ, ಉಂಗುರ. ಅವರ ಮನೆತನದಲ್ಲಿ ತಾಂಬೂಲ ಕೊಡುವವರು ತಗೋ ಎನ್ನಬಾರದು. ಹೆಣ್ಣಿನ ತಂದೆ ಮಾತಿಲ್ಲದೆ ಹಿಡಿಯಬೇಕು, ಅಳಿಯನಾಗುವವನು ತಾನಾಗಿ ಎರಡು ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಬೇಕು. ಷಡಕ್ಷರಪ್ಪನವರು ಹಿಡಿದರು. ಇಂದ್ರೇಶ ಮುಂದೆ ನೋಡುತ್ತ ಕೂತೇ ಇದ್ದ. ಹಿಡಿದ ಕೈ ನಡುಗತೊಡಗಿತು. ಮನೆ ತುಂಬ ಜನ ನೋಡುತ್ತಿದ್ದರು. ನಾನು ಬಾಗಿಲ ಹತ್ತಿರದಿಂದ ಕೈಸನ್ನೆ ಮಾಡಿದೆ, ಅದೂ ಅವನಿಗೆ ಕಾಣಲಿಲ್ಲ. ಅಷ್ಟರಲ್ಲಿ ಫೋಟೋದವನು ಸ್ವಲ್ಪ ಹಿಂದಕ್ಕೆ ಸರಿಯಿರಿ ಎಂದ. ಇವನು ಸರಿಯಲು ಮೊಣಕೈ ಎತ್ತಿದ, ತಟ್ಟೆಗೆ ಬಡಿಯಿತು. ಎಲೆ ಚೆಲ್ಲಾಪಿಲ್ಲಿಯಾಗಿ, ಕಾಯಿ ಉರುಳಿಕೊಂಡು ಹೋಗಿ ಹೊಸಿಲ ಹತ್ತಿರ ನಿಂತಿತು.

ಷಡಕ್ಷರಪ್ಪನವರು ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು. ಇಂದ್ರೇಶ ಗಾಬರಿಯಾಗಿ, ಕಾಣಲಿಲ್ಲ ಯಜಮಾನ್ರೆ ಎಂದ. ಮೊಣಕೈಯ ಪಕ್ಕದಲ್ಲಿದ್ದ ತಟ್ಟೆ ಕಾಣಲಿಲ್ಲವಂತೆ ಎಂದು ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಷಡಕ್ಷರಪ್ಪನವರು ನಮ್ಮ ಮಾವನವರ ಕಡೆ ತಿರುಗಿದರು.

"ಕೊಟ್ಟ ಕೈಯನ್ನೇ ನೋಡ್ದೆ ಇರೋನು, ಕೊಟ್ಟ ಹೆಣ್ಣ ನೋಡ್ಕತಾನಾ ಜಯದೇವಪ್ನೋರೆ? ನೀವು ಹೊರಡಿ."

ಊಟದ ಎಲೆ ಹಾಕಿದ್ದರು, ಉಣ್ಣದೆ ಎದ್ದು ಬಂದೆವು. ಒಳಬಾಗಿಲ ಹತ್ತಿರ ಪ್ರತಿಮಾ ನಿಂತಿದ್ದಳು. ಅಳುತ್ತಿರಲಿಲ್ಲ. ಇವನ ಮುಖವನ್ನೇ ನೋಡುತ್ತಿದ್ದಳು, ಏನೋ ಒಂದು ಕೂಡಿಸಿ ಕಳೆದು ಲೆಕ್ಕ ಸಿಗದವಳ ಹಾಗೆ.

ಆ ವಾರ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಆದರೆ ತೋಟದ ಕೆಲಸ ಯಾರ ಮದುವೆ ಮುರಿದರೂ ನಿಲ್ಲುವುದಿಲ್ಲವಲ್ಲ. ಕಿತ್ತ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿತ್ತು, ಅಟ್ಟಕ್ಕೆ ಏರಿಸಬೇಕು. ನಮ್ಮ ಕಡೆ ಕಾಯಿಯನ್ನು ನಾರಿನ ಮಟ್ಟೆ ಸಮೇತ ಅಟ್ಟದ ಮೇಲೆ ಹರಡಿ, ವರ್ಷದ ಹತ್ತಿರ ಹಾಗೇ ಬಿಡುತ್ತೇವೆ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗುತ್ತದೆ. ಬೇರೆಯವರ ಮನೆಯಲ್ಲಿ ಅಟ್ಟ ತುಂಬಲು ಏಣಿ, ಏಣಿಗೊಬ್ಬ, ಮೇಲೊಬ್ಬ. ನಮ್ಮ ಮನೆಯಲ್ಲಿ ಇಂದ್ರೇಶ ನೆಲದ ಮೇಲೆ ನಿಂತರೆ ಸಾಕು. ಎಡಗಡೆಯಿಂದ ಆಳು ಜವರಪ್ಪ ಕಾಯಿ ಎಸೆಯುತ್ತಾನೆ, ಬಲಗಡೆಯಿಂದ ನಾನು ಎಸೆಯುತ್ತೇನೆ. ಅವನು ಕತ್ತು ಆ ಕಡೆ ಈ ಕಡೆ ತಿರುಗಿಸದೆ, ಕಡೆಗಣ್ಣಲ್ಲೇ ನೋಡಿಕೊಂಡು ಎರಡೂ ಕೈಯಲ್ಲಿ ಹಿಡಿದು ಅಟ್ಟಕ್ಕೆ ಸೇರಿಸುತ್ತಾನೆ. ಎಷ್ಟೋ ವರ್ಷದ ರೂಢಿ. ಅವನು ಹಿಡಿಯುವುದನ್ನು ನೋಡಲೆಂದೇ ಪಕ್ಕದ ಮನೆಯವರು ಬಂದು ನಿಲ್ಲುತ್ತಿದ್ದರು.

ಅವತ್ತು ಜವರಪ್ಪ ಎಸೆದ ಮೊದಲನೇ ಕಾಯಿ ನೇರ ಬಂದು ಇಂದ್ರೇಶನ ಕಿವಿಗೆ ಬಡಿಯಿತು. ಕೈ ಎತ್ತಲೇ ಇಲ್ಲ. ರೆಪ್ಪೆ ಸಹ ಅಲ್ಲಾಡಲಿಲ್ಲ ಎನ್ನುವುದನ್ನು ನಾನು ಕಂಡೆ. ಬರುವ ಏಟು ಕಂಡರೆ ಎಂಥವನೂ ಕಣ್ಣು ಮುಚ್ಚುತ್ತಾನೆ. ಜವರಪ್ಪ ಬಾಯಿ ಬಡಿದುಕೊಂಡು ಓಡಿ ಬಂದ. ನಾನು ಅರಿಶಿನ ತರಲು ಒಳಗೆ ಹೋದವಳು, ಹಾಗೇ ನಿಂತುಬಿಟ್ಟೆ, ಒಂದೊಂದೇ ನೆನಪಾಗತೊಡಗಿತು. ಕೆಳಗಿಟ್ಟ ಮಜ್ಜಿಗೆ ಲೋಟ ಇವನ ಕೈ ತಾಗಿ ಬೀಳುವುದು. ಬಾಗಿಲ ಮೇಲ್ಪಟ್ಟಿಗೆ ಗೋಣಿ ಕಟ್ಟಿದ ಮೇಲೂ ಭುಜ ಚೌಕಟ್ಟಿಗೆ ಬಡಿಯುವುದು. ಜಗುಲಿಗಳು ಇರುವುದು ದಾರಿಯ ಎರಡು ಬದಿಗೆ. ಷಡಕ್ಷರಪ್ಪನವರು ಕೂತಿದ್ದು ಎಡಕ್ಕೆ.

ಸೌಟು ಹಿಡಿದುಕೊಂಡು ಬಂದು ಅವನ ಎದುರಿಗೆ ಕೂತೆ. ನನ್ನ ಮೂಗನ್ನೇ ನೋಡು, ಸೌಟು ಕಂಡ ತಕ್ಷಣ ಹೇಳು ಎಂದೆ. ಅತ್ತಿಗೆಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಆದರೂ ಸುಮ್ಮನೆ ನೋಡಿದ. ಕಿವಿಯ ಪಕ್ಕದಿಂದ ನಿಧಾನಕ್ಕೆ ಸೌಟು ಮುಂದಕ್ಕೆ ತಂದೆ. ಭುಜ ದಾಟಿತು, ಕೆನ್ನೆ ದಾಟಿತು. ಅವನು ಏನೂ ಹೇಳಲಿಲ್ಲ. ಹೆಚ್ಚುಕಮ್ಮಿ ಕಣ್ಣ ಮುಂದಕ್ಕೇ ಬಂದಾಗ ಈಗ ಕಂಡಿತು ಎಂದ. ಇನ್ನೊಂದು ಕಡೆಯೂ ಅಷ್ಟೇ. ನಾನು ಸೌಟು ಕೆಳಗಿಟ್ಟು ಅವನ ಅಷ್ಟಗಲ ಕೈಯನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ಎಲ್ಲಾರ್ಗೂ ಇಷ್ಟೇ ಕಾಣ್ತೈತೆ ಅಂದ್ಕಂಡಿದ್ದೆ ಅತ್ತಿಗೆ," ಎಂದ.

ಹಾಸನದಲ್ಲಿ ಕಣ್ಣಿನ ಡಾಕ್ಟರು ಒಂದು ಸಲ ಇವನ ಕಣ್ಣು ನೋಡಿದರು, ಒಂದು ಸಲ ಕೈ ನೋಡಿದರು, ಇನ್ನೊಂದು ಸಲ ಪಾದ ನೋಡಿದರು. ಸ್ಕ್ಯಾನ್ ಮಾಡಿಸಿ ಎಂದರು. ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇರುತ್ತದಂತೆ. ಮೈ ಬೆಳೆಯುವುದು ಅದರ ಅಪ್ಪಣೆಯಿಂದ. ಅಲ್ಲಿ ಒಂದು ಗೆಡ್ಡೆ ಬೆಳೆದು, ಬೆಳೆ ಬೆಳೆ ಎಂದು ಇಷ್ಟು ವರ್ಷ ಮೈಗೆ ಹೇಳುತ್ತಲೇ ಇತ್ತು. ಈಗ ಗೆಡ್ಡೆ ನಿಂಬೆಹಣ್ಣಿನಷ್ಟಾಗಿ ಕಣ್ಣಿನ ನರ ಒತ್ತುತ್ತಿತ್ತು. ಹಾಗೆ ಒತ್ತಿದಾಗ ಮೊದಲು ಹೋಗುವುದು ಎರಡು ಬದಿಯ ನೋಟ, ಅದೂ ತಿಳಿಯದ ಹಾಗೆ ಸ್ವಲ್ಪ ಸ್ವಲ್ಪವೇ. ತಲೆನೋವು, ಮಂಡಿನೋವು, ಬಿಗಿಯಾಗುವ ಚಪ್ಪಲಿ, ಎಲ್ಲ ಅದರದೇ ಕೆಲಸ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು, ದೃಷ್ಟಿ ತೆಗೆಯುತ್ತಿದ್ದೆ ಸ್ವಾಮಿ ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನಮ್ಮ ಮನೆಯದು ಹಾಗೇ ಆಯಿತು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮೂಗಿನ ಮೂಲಕವೇ ಆಪರೇಷನ್ ಮಾಡಿ ಗೆಡ್ಡೆ ತೆಗೆದರು. ಮಂಚದ ತುದಿಗೆ ಎರಡು ಸ್ಟೂಲ್ ಇಟ್ಟು ಕಾಲಿಗೆ ಜಾಗ ಮಾಡಿದೆವು. ಪ್ರಜ್ಞೆ ಬಂದಾಗ ಇವನ ಮೊದಲ ಮಾತು ಏನಿರಬಹುದು ಹೇಳಿ. ಜವರಪ್ಪನಿಗೆ ಹೇಳಿ ಅತ್ತಿಗೆ, ಅವನು ಎಸೆದ ಕಾಯಿಯಿಂದ ನನಗೆ ಏನೂ ಆಗಿಲ್ಲ ಅಂತ. ಆ ಬಡಪಾಯಿ ತನ್ನ ಏಟಿನಿಂದಲೇ ಹೀಗಾಯಿತು ಎಂದು ಊರಿನಲ್ಲಿ ಊಟ ಬಿಟ್ಟು ಕೂತಿದ್ದ.

ಎರಡು ತಿಂಗಳಲ್ಲಿ ಬಲಗಡೆಯ ನೋಟ ಹಿಂದಿರುಗಿತು. ಎಡಗಡೆಯದು ಬರಲಿಲ್ಲ. ಇನ್ನು ಬರುವುದೂ ಇಲ್ಲ, ನರ ಬಹಳ ದಿನ ಒತ್ತಿಹೋಗಿದೆ ಎಂದರು. ಬೆಳವಣಿಗೆ ನಿಂತಿತು. ಉಳಿದ ಚೂರು ಗೆಡ್ಡೆಗೆ ತಿಂಗಳಿಗೊಂದು ಇಂಜೆಕ್ಷನ್. ಇನ್ನು ಬೈಕು ಓಡಿಸಬಾರದು. ಇಷ್ಟನ್ನೂ ಕೇಳಿಕೊಂಡು, ಹಾಗಾದರೆ ಈ ಚಪ್ಪಲಿ ಇನ್ನು ನನ್ನ ಕಾಲಿಗೆ ಯಾವಾಗಲೂ ಆಗುತ್ತದೆ ಎಂದು ಖುಷಿಪಟ್ಟ.

ಊರಿಗೆ ಬಂದ ಮೇಲೆ ಮನೆಯಲ್ಲಿ ಜಗಳ ಶುರುವಾಯಿತು. ಹಾರನಹಳ್ಳಿಗೆ ಹೋಗಿ ಏನು ಹೇಳುವುದು? ಪ್ರತಿಮಾ ಬೇರೆ ಗಂಡು ಒಪ್ಪಿರಲಿಲ್ಲ ಎಂಬ ಸುದ್ದಿ ಬಂದಿತ್ತು. ಅತ್ತೆಯ ಲೆಕ್ಕ ಸ್ಪಷ್ಟ. ಹುಡುಗನಿಗೆ ಸೊಕ್ಕಿತ್ತು, ಈಗ ಇಳಿದಿದೆ, ತಪ್ಪಾಯಿತು ಎಂದು ಕಾಲಿಗೆ ಬೀಳಲಿ. ಸೊಕ್ಕಿನ ಅಳಿಯನನ್ನು ಯಾರಾದರೂ ಮಾಡಿಕೊಳ್ಳುತ್ತಾರೆ, ತಲೆಯೊಳಗೆ ಗೆಡ್ಡೆ ಎಂದರೆ ಯಾರು ಹೆಣ್ಣು ಕೊಡುತ್ತಾರೆ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ದೊಡ್ಡವರೇ ಹೇಳಿಲ್ಲವೇ? ನಾವಾದರೂ ಹೇಳುವುದು ಒಂದೇ ಒಂದು ಸುಳ್ಳು. ಮಾವನವರೂ ತಲೆಯಾಡಿಸಿದರು. ನನ್ನ ಗಂಡನೂ ಹೂಂ ಎಂದರು. ಅತ್ತೆಯ ಮಾತಿನಲ್ಲಿ ನ್ಯಾಯವಿಲ್ಲ ಎಂದು ನಾನೂ ಹೇಳಲಾರೆ, ಹೆತ್ತವಳ ಸಂಕಟ ಅದು.

ಇಂದ್ರೇಶ ಎಲ್ಲರದೂ ಕೇಳಿಸಿಕೊಂಡ. ಆಮೇಲೆ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಇಲ್ದಿರೋ ಸೊಕ್ಕಿಗೆ ತಪ್ಪಾಯ್ತು ಅನ್ನಲ್ಲ ಕಣವ್ವ. ಕಾಣಲಿಲ್ಲ, ಅದ್ನೇ ಹೇಳ್ತೀನಿ. ಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ."

ಎಷ್ಟು ಮೃದುವಾಗಿ ಹೇಳಿದನೆಂದರೆ ಅತ್ತೆಗೆ ಸಿಟ್ಟು ಮಾಡಲೂ ಆಗಲಿಲ್ಲ. ಮಾರನೇ ಬೆಳಿಗ್ಗೆ ಬಸ್ಸಿನಲ್ಲಿ ಹಾರನಹಳ್ಳಿಗೆ ಹೊರಟ. ನಾನೂ ಜೊತೆಗೆ ಹೋದೆ. ಎಡಗಡೆ ನಾನು ಕೂತೆ.

ಷಡಕ್ಷರಪ್ಪನವರು ಜಗುಲಿಯ ಮೇಲೇ ಇದ್ದರು, ಒಳಗೆ ಬನ್ನಿ ಎನ್ನಲಿಲ್ಲ. ಇಂದ್ರೇಶ ಅವರ ಎದುರಿಗೆ ಬಂದು ಶರಣು ಹೇಳಿ, ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಗೆಡ್ಡೆ ಇತ್ತು, ತೆಗೆದರು, ಚೂರು ಉಳಿದಿದೆ. ಸೂಜಿ ಜೀವನಪೂರ್ತಿ ಬೇಕಾಗಬಹುದು. ಎಡಗಡೆ ಇನ್ನು ಕಾಣುವುದಿಲ್ಲ. ಎತ್ತರ ಇಳಿಯುವುದಿಲ್ಲ. ಮಂಡಿಗಳು ನನಗಿಂತ ಮುಂಚೆ ಮುದಿಯಾಗುತ್ತವೆ. ಅವತ್ತು ನೀವು ಹಿಡಿದ ತಟ್ಟೆ ನನಗೆ ಕಾಣಲಿಲ್ಲ, ನಿಮ್ಮ ಕೈ ನಡುಗಿತಂತೆ, ಅತ್ತಿಗೆ ಹೇಳಿದರು, ಅದೊಂದು ನನಗೆ ತುಂಬ ನೋವಾಗಿದೆ. ಇಷ್ಟು ಹೇಳಿ ಎದ್ದ. ಹೆಣ್ಣು ಕೊಡಿ ಎಂದು ಕೇಳಲೇ ಇಲ್ಲ. ನನಗೆ ಒಳಗೊಳಗೇ ಕುದಿಯುತ್ತಿತ್ತು, ಬಂದ ಕೆಲಸ ಬಿಟ್ಟು ಹೋಗುತ್ತಿದ್ದಾನಲ್ಲ ಎಂದು. ಷಡಕ್ಷರಪ್ಪನವರು ಒಂದೇ ಮಾತು, ನೀರು ಕುಡಿದು ಹೋಗಿ ಎಂದರು. ನೀರು ತಂದವಳು ಪ್ರತಿಮಾ. ಲೋಟವನ್ನು ಇವನ ಬಲಗಡೆಯಿಂದ ಕೊಟ್ಟಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು ಎಂದು ಆಗ ಗೊತ್ತಾಯಿತು.

ಮೂರು ತಿಂಗಳು ಸುದ್ದಿಯಿಲ್ಲ. ಒಂದು ದಿನ ಬೆಳಿಗ್ಗೆ ಷಡಕ್ಷರಪ್ಪನವರು ನಮ್ಮೂರಿಗೆ ಬಂದರು, ಯಾರದೋ ಮನೆಯ ಕೊಬ್ಬರಿ ನೋಡುವ ನೆಪ. ಇಂದ್ರೇಶ ತೋಟಕ್ಕೆ ಹೋಗುವ ದಾರಿಯಲ್ಲಿ ಅವನ ಎಡಕ್ಕೆ ಬೀಳುವ ಹಾಗೆ ಒಂದು ಜಗುಲಿಯ ಮೇಲೆ ಕೂತರಂತೆ. ಇವನು ನೆಟ್ಟಗೆ ಹೋದ. ಸಂಜೆ ಹಿಂದಿರುಗುವಾಗ ಅದೇ ಜಗುಲಿ ಇವನ ಬಲಕ್ಕೆ ಬಂತು. ಹತ್ತು ಹೆಜ್ಜೆ ಇರುವಾಗಲೇ ಕಂಡು, ಓಡಿ ಬಂದು ಬಗ್ಗಿ ಶರಣು ಹೇಳಿದ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಮನುಷ್ಯ ಅಲ್ಲೇ ಕೂತಿದ್ದರು ಎಂದು ಜಗುಲಿಯ ಮನೆಯವಳು ಆಮೇಲೆ ನನಗೆ ಹೇಳಿದಳು. ಅಲ್ಲಾಡಿಸಿ ನೋಡದೆ ಕಾಯಿ ಕೊಳ್ಳುವವರಲ್ಲ ಎಂದು ಮೊದಲೇ ಹೇಳಿದೆನಲ್ಲ. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಮಗಳನ್ನು ಕೊಡುವವರು ಅಷ್ಟು ಮಾಡದಿದ್ದರೆ ಹೇಗೆ? ಅವತ್ತೇ ನಮ್ಮ ಮನೆಗೆ ಬಂದು ಮಾವನವರ ಹತ್ತಿರ ದಿನ ನೋಡಿ ಎಂದರು.

ಮದುವೆ ಹಾರನಹಳ್ಳಿಯಲ್ಲಿ, ಅವರ ಮನೆಯ ಮುಂದೆಯೇ ಆಯಿತು. ಮದುವೆಯ ಗಂಡು ಚಪ್ಪರ ಕಟ್ಟಬಾರದು ಎಂದು ಎಲ್ಲರೂ ಬೈದರೂ ಹಿಂದಿನ ದಿನ ಬಂದು ತೋರಣ ಕಟ್ಟಿದ. ಸೊಪ್ಪು ಎತ್ತಿ ಕೊಟ್ಟವಳು ಯಾರು ಎಂದು ಹೇಳಬೇಕಾಗಿಲ್ಲ. ನಮ್ಮೂರಿನ ಜಗುಲಿಯವರೆಲ್ಲ ಒಂದು ಲಾರಿಯಲ್ಲಿ ಬಂದಿಳಿದರು, ಸೊಕ್ಕು ಎಂದವರೂ ಸೇರಿ. ಒಬ್ಬೊಬ್ಬರೂ ಇವನ ಮುಂದೆ ಬಂದು ತಾವೇ ಮೊದಲು ಶರಣು ಎಂದರು. ನಾನು ಅಂಥವರಿಗೆ ನಾಲ್ಕು ಮಾತು ಅನ್ನಬೇಕೆಂದು ತಯಾರಾಗಿ ಬಂದಿದ್ದೆ, 'ಅತ್ತಿಗೆ, ಬೇಡ' ಎಂದು ಅವನು ದೂರದಿಂದಲೇ ಕಣ್ಣಲ್ಲಿ ಹೇಳಿದ. ಬಲಗಡೆ ನಿಂತಿದ್ದೆ, ಅವನಿಗೆ ಕಂಡುಬಿಟ್ಟೆ.

ಮಾಂಗಲ್ಯ ಕಟ್ಟುವವರೆಗೆ ಹೆಣ್ಣು ಗಂಡಿನ ಬಲಕ್ಕೆ ಕೂರುವುದು, ಕಟ್ಟಿದ ಮೇಲೆ ಎಡಕ್ಕೆ ಬರುವುದು ಪದ್ಧತಿ. ಎಡಕ್ಕೆ ಬಂದ ಮೇಲೆಯೇ ಅವಳು ಹೆಂಡತಿ. ಇಂದ್ರೇಶ ಮಾಂಗಲ್ಯ ಕಟ್ಟಿದ. ಅಕ್ಷತೆ ಬಿತ್ತು. ಮದುವೆ ಮಾಡಿಸುತ್ತಿದ್ದ ಅಯ್ಯನವರು, ಹೆಣ್ಣುಮಗಳು ಎಡಕ್ಕೆ ಬರಲಿ ಎಂದರು. ಪ್ರತಿಮಾ ಏಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವರು ಇನ್ನೊಮ್ಮೆ ಹೇಳಿದರು. ಅವಳು ತಲೆ ತಗ್ಗಿಸಿಕೊಂಡು, ನಾನು ಈ ಕಡೆಯೇ ಇರುತ್ತೇನೆ ಎಂದಳು. ಚಪ್ಪರದೊಳಗೆ ಗುಜುಗುಜು ಎದ್ದಿತು. ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದರು. ಇಂದ್ರೇಶ ಅವಳ ಕಡೆ ಬಗ್ಗಿ, ಹೋಗು, ಏನೂ ಆಗಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದ. ಅವಳು ಅಲ್ಲಾಡಲಿಲ್ಲ. ಎಲ್ಲರೂ ನೋಡುತ್ತಿದ್ದುದು ಷಡಕ್ಷರಪ್ಪನವರ ಮುಖವನ್ನು. ಪದ್ಧತಿ ತಪ್ಪಿತೆಂದು ಹಾಕಿದ ಎಲೆಯಿಂದ ನೆಂಟರನ್ನು ಎಬ್ಬಿಸಿ ಕಳಿಸಿದ ಮನುಷ್ಯ ಅವರು.

ಷಡಕ್ಷರಪ್ಪನವರು ಎದ್ದು ಬಂದರು.

"ಇರ್ಲಿ ಬಿಡಿ ಅಯ್ನೋರೆ. ಅವ್ನಿಗೆ ಕಾಣೋ ಕಡೆ ಕೂತವ್ಳೆ."

ಹಾಗೆಂದು ಕೊನೆಯ ತಾಂಬೂಲದ ತಟ್ಟೆ ಎತ್ತಿಕೊಂಡರು. ಎದುರಿಗೆ ಬರಬಹುದಿತ್ತು. ಬರಲಿಲ್ಲ. ಖಾಲಿ ಉಳಿದಿದ್ದ ಎಡಗಡೆಗೆ, ಅವತ್ತು ಕೂತಿದ್ದ ಕಡೆಗೇ ಹೋಗಿ ಅಳಿಯನ ಪಕ್ಕದಲ್ಲಿ ಕೂತರು. ತಟ್ಟೆಯನ್ನು ಒಂದು ಕೈಗೆ ಮಾಡಿಕೊಂಡು, ಇನ್ನೊಂದು ಕೈಯನ್ನು ಇಂದ್ರೇಶನ ತೋಳಿನ ಮೇಲಿಟ್ಟು, ಮನೆತನದಲ್ಲಿ ಯಾರೂ ಆಡದ ಮಾತನ್ನು ಆಡಿದರು.

"ನಾನು ಇಲ್ಲಿದೀನಿ ಕಣಪ್ಪ. ತಗೋ."

ಇಂದ್ರೇಶ ಪೂರ್ತಿ ಎಡಕ್ಕೆ ತಿರುಗಿ, ಎರಡೂ ಕೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡ.